ಬೇರು ಹಿಡದಾವೇನವಾ?

ಬದನಿ ಅಗಿಗೆ, ಅಂದರೆ ಎಳೆ ಸಸಿಗೆ, ವೈರಿಗಳು ಯಾರ್ಯಾರು ಅಂತ ಕೇಳಿದರೆ ಕೃಷಿ ಪುಸ್ತಕದವರು ಹುಳ, ರೋಗ, ಬಿಸಿಲು ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ನಮ್ಮ ಪಕ್ಕದ ಮನೆ ಕಾಕಾನನ್ನು ಸೇರಿಸಿಯೇ ಇಲ್ಲ.

ಶಿವರಾತ್ರಿ ದಾಟಿತೆಂದರೆ ಬಾಗಲಕೋಟೆ ಬಿಸಿಲಿಗೆ ದಯೆ ದಾಕ್ಷಿಣ್ಯ ಇರುವುದಿಲ್ಲ. ಯುಗಾದಿಯೊಳಗೆ ಬೇರು ಕಚ್ಚಿದರೆ ಗಿಡ, ಇಲ್ಲದಿದ್ದರೆ ಕಡ್ಡಿ. ನವನಗರದ ನಮ್ಮ ಸೈಟೋ ಬರೀ ಗರಸು. ಎರಿ ಮಣ್ಣು, ತಿಪ್ಪೆಗೊಬ್ಬರ ಹಾಕಿಸಿ ಮಡಿ ಮಾಡಿದೆ. ಬೆಂಡಿ, ಹೀರಿ ಬೀಜ ಅಲ್ಲೇ ಊರಿದೆ. ಅವಕ್ಕೆ ಕಿತ್ತು ಹಚ್ಚಿದರೆ ಆಗಿಬರುವುದಿಲ್ಲ. ಬದನಿ, ಮೆಣಸಿನ ಅಗಿಗಳನ್ನು ಮಾತ್ರ ಇಳಿಹೊತ್ತಿನಲ್ಲಿ ಹಚ್ಚಿ ನೀರು ಹಾಕಿದೆ. ಹೊಸ ಅಗಿ ನಡುಮಧ್ಯಾಹ್ನ ಜೋತು ಬೀಳುವುದು, ಸಂಜೆಗೆ ತಲೆ ಎತ್ತುವುದು ಸಹಜ.

ಕಾಕಾ ಬರುವುದು ನಡುಮಧ್ಯಾಹ್ನವೇ.

'ಬೇರು ಹಿಡದಾವೇನವಾ?' ಅನ್ನುತ್ತ ಗೇಟು ತೆಗೆಯುತ್ತಾರೆ. ಉತ್ತರ ಬೇಕಿಲ್ಲ. ಮಡಿಯ ಅಂಚಿಗೆ ಕುಕ್ಕರಗಾಲಿನಲ್ಲಿ ಕೂತು, ನಾಡಿ ಹಿಡಿಯುವ ವೈದ್ಯರಂತೆ ಎರಡೇ ಬೆರಳಲ್ಲಿ ಅಗಿಯ ಬುಡ ಹಿಡಿದು, ಕಣ್ಣು ಮುಚ್ಚಿ, ಮೆಲ್ಲಗೆ ಜಗ್ಗುತ್ತಾರೆ. ಅದು ಕಿತ್ತು ಬರುತ್ತದೆ. ಚಾಳೀಸಿನ ಹತ್ತಿರ ಹಿಡಿದು, 'ನೋಡಿಲ್ಲೆ, ಬಿಳೇ ಬೇರು ಬಿಟ್ಟಿತ್ತು! ಹಿಡಿಯೂದಿತ್ತು' ಅಂತ ನನಗೇ ತೋರಿಸುತ್ತಾರೆ. ಮತ್ತೆ ಅದೇ ತಗ್ಗಿಗೆ ತುರುಕಿ, ಅಂಗೈಯಿಂದ ಒತ್ತಿ, ಪಕ್ಕದ ಅಗಿಗೆ ಕೈ ಹಾಕುತ್ತಾರೆ. ನಮ್ಮವರು ಅಷ್ಟೊತ್ತಿಗೆ, 'ಕಾಕಾಗ ಚಾ ಮಾಡಿಯೇನು?' ಅಂತ ಒಳಗಿನಿಂದ ಕೂಗುತ್ತಾರೆ.

ಆಡು ಬರುತ್ತವೆ ಅಂತ ನೆಪ ಹೇಳಿ ಜಾಲಿ ಮುಳ್ಳು ಹಚ್ಚಿದೆ. ಕಾಕಾ ಬಡಿಗೆಯಿಂದ ಅದನ್ನು ಸರಿಸಿ, 'ಹಿಂಗ ಮುಳ್ಳು ಇಟ್ರ ಮಂದಿ ಕೈ ಹಾಕೂದು ಹೆಂಗ?' ಅಂತ ನನ್ನನ್ನೇ ಬೈದರು. ರಾತ್ರಿ ಬಂದು ಬುಡ ಕತ್ತರಿಸುವ ಹುಳವೇ ವಾಸಿ. ಕರೆದು ತೋರಿಸುವುದಿಲ್ಲ, ಚಹಾ ಕೇಳುವುದಿಲ್ಲ.

ಬೈಯಲು ಬಾಯಿ ಬರುವುದಿಲ್ಲ. ಕಾಕಾರ ಹೊಲ ಘಟಪ್ರಭೆಯ ದಂಡೆಯ ಮೇಲಿತ್ತು. ಆಲಮಟ್ಟಿ ಹಿನ್ನೀರು 519.60 ಮೀಟರಿಗೆ ನಿಂತಾಗ ಬದನಿ, ಸವತಿ ಬೆಳೆಯುತ್ತಿದ್ದ ಆ ಮಣ್ಣೆಲ್ಲ ನೀರಡಿ ಆಯಿತು. ಪರಿಹಾರದ ದುಡ್ಡಲ್ಲಿ ಕಟ್ಟಿದ ಈಗಿನ ಮನೆಗೆ ಅವರ ಮಗ ಕಂಪೌಂಡಿನ ತುಂಬ ಫರಸಿ ಹಾಕಿಸಿದ್ದಾನೆ, ಸ್ವಚ್ಛ ಇರಲಿ ಅಂತ. ಕಾಕಾಗೆ ಬೆರಳಿಗೆ ಹತ್ತಲು ಹಿಡಿ ಮಣ್ಣೂ ಇಲ್ಲ. ಮಳೆಗಾಲದಲ್ಲಿ ಪೇಪರಿನಲ್ಲಿ ಆಲಮಟ್ಟಿ ನೀರಿನ ಮಟ್ಟ ಓದಿ ಸುಮ್ಮನೆ ಮಡಚಿಡುತ್ತಾರೆ.

ಕಡೆಗೆ ಒಂದು ಉಪಾಯ ಮಾಡಿದೆ. ಒಡೆದ ಬಕೆಟ್ಟಿಗೆ ಎರಿ ಮಣ್ಣು ತುಂಬಿ, ಒಳ್ಳೇ ಬದನಿ ಅಗಿ ಹಚ್ಚಿ, 'ಇದು ನಿಮ್ಮದು ಕಾಕಾ' ಅಂತ ಅವರ ಫರಸಿಯ ಮೇಲೆ ಇಟ್ಟು ಬಂದೆ. ಜಗ್ಗುವುದಿದ್ದರೆ ಅದನ್ನೇ ಜಗ್ಗಿಕೊಳ್ಳಲಿ.

ಮರುದಿನ ಮಧ್ಯಾಹ್ನ ಗೇಟು ಕಿರ್ರೆಂದಿತು.

'ನಿಮ್ಮ ಅಗಿ ಹೆಂಗೈತ್ರಿ ಕಾಕಾ?'

'ಚೊಲೋ ಐತಿ. ಅದನ್ನ ಮುಟ್ಟಬಾರದವಾ, ಬೇರು ಹರೀತಾವ' ಅಂದವರೇ ಮಡಿಯ ಕಡೆ ಹೊರಟರು. 'ನಿನ್ನವು ನೋಡೂಣು ಬಾ.'