ಹುಲ್ಲಿನ ಉದ್ದ, ಹಾಡಿನ ಉದ್ದ

ನಾನೀಗ ನೆಲೆಸಿರುವ ಜಪಾನಿನ ಹಿರೊಶಿಮಾ ಪ್ರಾಂತ್ಯದಲ್ಲಿ, ಮಿಬು ಎಂಬಲ್ಲಿ, ಜೂನ್ ತಿಂಗಳ ಮೊದಲ ಭಾನುವಾರ ಭತ್ತದ ನಾಟಿಯೇ ಒಂದು ಹಬ್ಬವಾಗಿ ನಡೆಯುತ್ತದೆ. ಸಿಂಗರಿಸಿದ ಎತ್ತುಗಳು ಕೆಸರನ್ನು ಹದಗೊಳಿಸಿದ ಮೇಲೆ ಮುಂದಾಳು ಬಿದಿರ ಕೋಲುಗಳಿಂದ ತಾಳ ಹಾಕುತ್ತ ಸೊಲ್ಲೆತ್ತುತ್ತಾನೆ, ಸಾಲಾಗಿ ಬಗ್ಗಿದ ಹೆಂಗಸರು ಮರುಸೊಲ್ಲು ಹಾಡುತ್ತ ನೇಜಿ ನೆಡುತ್ತಾರೆ. ಯುನೆಸ್ಕೊ 2011ರಲ್ಲಿ ಇದನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಉಳಿದ ಗದ್ದೆಗಳಲ್ಲಿ ನಾಟಿ ಮಾಡುವುದು ಯಂತ್ರ.

ನಮ್ಮ ಕರಾವಳಿಯ ಗದ್ದೆಗಳಲ್ಲಿಯೂ ಹೀಗೆಯೇ ಒಬ್ಬಳು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಂಬಾಲಿಸುವ ರೀತಿಯಲ್ಲಿ ತುಳು ಪಾಡ್ದನಗಳನ್ನು, ಅಂದರೆ ಕಥೆ ಹೇಳುವ ಜನಪದ ಹಾಡುಗಳನ್ನು, ಹಾಡುತ್ತಿದ್ದರು. ಆ ಕಥೆಗಳು ಅಷ್ಟು ದೀರ್ಘವಾಗಿರುವುದಕ್ಕೆ ಹಾಡುವವರ ನೆನಪಿನ ಶಕ್ತಿಯಷ್ಟೇ ಕಾರಣವಲ್ಲ, ಕೆಲಸದ ದಿನವೂ ಅಷ್ಟೇ ದೀರ್ಘವಾಗಿತ್ತು. ಯಂತ್ರ ಬಂದ ಕಡೆ, ಅಥವಾ ಗದ್ದೆಯೇ ಅಡಿಕೆ ತೋಟವಾದ ಕಡೆ, ಹಾಡನ್ನು ಯಾರೂ ನಿಲ್ಲಿಸಲಿಲ್ಲ. ಅದಕ್ಕೆ ಬೇಕಾದ ಹೊತ್ತು ಇಲ್ಲವಾಯಿತು, ಅಷ್ಟೇ. ವೇದಿಕೆಯ ಮೇಲೆ ಪಾಡ್ದನಕ್ಕೆ ಹತ್ತು ನಿಮಿಷ ಕೊಟ್ಟರೆ ಧಾಟಿ ತಿಳಿಯಬಹುದು, ಕಥೆ ಮುಗಿಯುವುದಿಲ್ಲ. ಜಪಾನಿನ ಈ ನಾಟಿಹಾಡುಗಳಲ್ಲಿಯೂ ಹಿಂದೆ ಬೆಳಗಿನವು, ನಡುಹಗಲಿನವು, ಸಂಜೆಯವು ಎಂಬ ವಿಂಗಡಣೆಯಿತ್ತು. ಒಂದೇ ಗದ್ದೆಯ ಪ್ರದರ್ಶನದಲ್ಲಿ ಅಂಥ ಇಡೀ ದಿನ ಹಿಡಿಸಲಾರದು.

ಹಾಡಿನ ಮಾತು ಬಂದಾಗ ಎಲ್ಲರೂ ಮರುಗುತ್ತಾರೆ, ಹುಲ್ಲಿನ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ನಮ್ಮಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು ಮುಡಿ ಕಟ್ಟುತ್ತಿದ್ದರು. ಮುಡಿಯೆಂದರೆ 42 ಸೇರು ಎಂಬ ಅಳತೆಯೂ ಹೌದು. ಗದ್ದೆಯ ವಿಸ್ತಾರವನ್ನೂ ಗೇಣಿಯನ್ನೂ ಹೇಳುತ್ತಿದ್ದುದು ಮುಡಿಯ ಲೆಕ್ಕದಲ್ಲಿಯೇ. 1960ರ ದಶಕದ ಕೊನೆಗೆ ಐಆರ್-8, ಜಯಾ ಮುಂತಾದ ಗಿಡ್ಡ ತಳಿಗಳು ಬಂದವು. ಹೆಚ್ಚು ಗೊಬ್ಬರ ಉಂಡರೂ ತೆನೆಯ ಭಾರಕ್ಕೆ ಬಾಗಿ ಮಲಗದಿರುವುದು ಅವುಗಳ ಗುಣ, ಅದಕ್ಕಾಗಿಯೇ ಕಾಂಡವನ್ನು ಕುಳ್ಳಾಗಿಸಲಾಗಿತ್ತು. ಹೊಟ್ಟೆ ತುಂಬಿಸಿದ ಆ ತಳಿಗಳನ್ನು ನಾನು ದೂರಲಾರೆ. ಆದರೆ ಅಷ್ಟು ಗಿಡ್ಡ ಹುಲ್ಲಿನಿಂದ ಮುಡಿಯನ್ನೂ ಕಟ್ಟಲಾಗದು, ಮನೆಯ ಮಾಡನ್ನೂ ಹೊದಿಸಲಾಗದು. ಮುಡಿ ಕಟ್ಟುವ ಕೈಗಳು ಕಲಿತ ವಿದ್ಯೆ ಹೀಗೆ ಬೀಜದ ಚೀಲದೊಳಗೇ ಮುಗಿದಿತ್ತು.

ಜಪಾನಿನಲ್ಲಿ ಇದೇ ಪ್ರಶ್ನೆ ಎದ್ದದ್ದು ಕೊಯ್ಲಿನ ಯಂತ್ರದಿಂದ. ಅದು ಹುಲ್ಲನ್ನು ಕತ್ತರಿಸಿ ಗದ್ದೆಯಲ್ಲಿಯೇ ಚೆಲ್ಲುತ್ತದೆ. ದೇಗುಲಗಳಲ್ಲಿಯೂ ಹೊಸ ವರ್ಷಕ್ಕೆ ಮನೆಗಳ ಬಾಗಿಲಲ್ಲಿಯೂ ಕಟ್ಟುವ ‘ಶಿಮೆನಾವಾ’ ಎಂಬ ಪವಿತ್ರ ಹಗ್ಗಕ್ಕೆ ಮಾತ್ರ ಉದ್ದನೆಯ ಹುಲ್ಲೇ ಬೇಕು. ಆದ್ದರಿಂದ ಕೆಲವು ರೈತರು ಎತ್ತರದ ತಳಿಯನ್ನು ಹುಲ್ಲಿಗಾಗಿಯೇ ಬೆಳೆದು, ಕಾಳು ಕಟ್ಟುವ ಮೊದಲೇ ಹಸಿರಾಗಿ ಕೊಯ್ದು ಒಣಗಿಸುತ್ತಾರೆ.

ನಮ್ಮಲ್ಲಿ ಬಹಳ ಗಟ್ಟಿಯಾಗಿ ಉಳಿದಿರುವುದು ಕಂಬಳ. ಜಲ್ಲಿಕಟ್ಟಿನ ಕುರಿತ 2014ರ ತೀರ್ಪಿನ ನಂತರ ಅಡಚಣೆಗೊಳಗಾಗಿ, ರಾಜ್ಯದ 2017ರ ಕಾನೂನು ತಿದ್ದುಪಡಿಯಿಂದ ಮರಳಿ ಜೀವ ಪಡೆದು, 2023ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದ ಸಮ್ಮತಿಯನ್ನೂ ಗಳಿಸಿದ ಅದು, ಅದೇ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆಯಿತು. ಉತ್ತ ಗದ್ದೆಗೂ ಓಟದ ಕೋಣಗಳಿಗೂ ಇದ್ದ ನಂಟು ಅಲ್ಲಿಗೆ ಬರುವ ಹೊತ್ತಿಗೆ ಕಡಿದೇ ಹೋಗಿತ್ತು. ನನಗೆ ಇದು ಮಿಬುವಿನ ಸಿಂಗರಿಸಿದ ಎತ್ತುಗಳ ಸೋದರನಂತೆಯೇ ಕಾಣುತ್ತದೆ: ನೋಡಲು ಚೆಂದವಾದದ್ದು ಉಳಿಯುತ್ತದೆ, ದುಡಿಮೆಯ ಜೊತೆಗಷ್ಟೇ ಬದುಕುತ್ತಿದ್ದದ್ದು ಸದ್ದಿಲ್ಲದೆ ಹೋಗುತ್ತದೆ.

ಇಷ್ಟು ಹೇಳುವಾಗ ನನಗೆ ಸಂಕೋಚವೂ ಇದೆ. ಮಳೆಯಲ್ಲಿ ದಿನವಿಡೀ ಬಗ್ಗಿ ನೆಟ್ಟವರ ಸೊಂಟನೋವು ನನ್ನದಲ್ಲ. ಆ ಹಾಡುಗಳು ಹುಟ್ಟಿದ ಗದ್ದೆಗಳಲ್ಲಿ ಒಡೆಯರೂ ಒಕ್ಕಲುಗಳೂ ಇದ್ದರು, ಜಾತಿಯ ಅಂತರವೂ ಇತ್ತು. 1974ರಲ್ಲಿ ಗೇಣಿ ಪದ್ಧತಿ ರದ್ದಾದದ್ದು ನ್ಯಾಯವೇ. ಜಪಾನಿನಲ್ಲಂತೂ, 2020ರ ಗಣತಿಯ ಪ್ರಕಾರ, ಕೃಷಿಯನ್ನೇ ಮುಖ್ಯ ಕಸುಬಾಗಿಸಿಕೊಂಡವರ ಸರಾಸರಿ ವಯಸ್ಸು 67.8 ವರ್ಷ. ಅವರಿಗೆ ಯಂತ್ರ ಬೇಡವೆನ್ನಲು ಯಾರಿಗೂ ಬಾಯಿ ಬರಲಾರದು.

ಶಿಮೆನಾವಾ ಉಳಿದದ್ದು ವರ್ಷ ವರ್ಷವೂ ಬಾಗಿಲು ಅದನ್ನು ಬೇಡುವುದರಿಂದ. ಮುಡಿಯನ್ನು ಬೇಡುವವರಿಲ್ಲ, ಆ ಕೆಲಸವನ್ನು ಗೋಣಿಚೀಲ ಪೂರ್ತಿ ವಹಿಸಿಕೊಂಡಿದೆ. ನಮ್ಮ ಕಡೆ ಹಾಗೆ ಬೇಡಿಕೆ ಉಳಿಸಿಕೊಂಡಿರುವುದು ಹೊಸ ಬೆಳೆಯ ತೆನೆ: ಗದ್ದೆ ಮಾರಿದವರ ಮನೆಯಲ್ಲಿಯೂ ತೆನೆ ಕಟ್ಟುವ ಕ್ರಮ ನಿಂತಿಲ್ಲ, ದೇವಸ್ಥಾನದಿಂದಲೋ ಪೇಟೆಯಿಂದಲೋ ತಂದು ಕಟ್ಟುತ್ತಾರೆ. ಆ ತೆನೆಗಳಿಗಾಗಿಯಾದರೂ ಎಲ್ಲೋ ಒಂದು ಗದ್ದೆಯಲ್ಲಿ ನಾಟಿ ಆಗಿರಲೇಬೇಕು.