ಸನ್‌ರೂಫ್ ನೋಡಿ ಕಾರು ತಗೋಬ್ಯಾಡ್ರಿ

ಬಳ್ಳಾರಿ ಬ್ಯಾಸಗಿ 40 ಡಿಗ್ರಿ ದಾಟ್ತದ. ಇಂಥಾ ಊರಾಗ ಸನ್‌ರೂಫ್, ಅಂದ್ರ ಕಾರಿನ ಛಾವಣಿಗೆ ಗಾಜಿನ ಕಿಟಕಿ, ಯಾಕ್ರಿ ಬೇಕು? ತಮ್ಮ ಕೇಳಲಿಲ್ಲ. "ಅಣ್ಣಾ, ಬಣ್ಣ ನೋಡು, ಮನಸ್ಸು ಕುಂತುಬಿಟ್ಟದ" ಅಂದವನೇ ಸನ್‌ರೂಫ್ ಕಾರಿಗೆ ಅಡ್ವಾನ್ಸ್ ಕೊಟ್ಟ.

ಹೋದ ವಾರ ತೋರಣಗಲ್ಲು ಹತ್ರ, ಅದಿರಿನ ಲಾರಿಗಳ ಹಿಂದ ಮೆಲ್ಲಕ ಹೊಂಟಾಗ ಎಂಜಿನ್ ತಂಪು ಮಾಡೋ ರೇಡಿಯೇಟರ್ ಫ್ಯಾನ್ ಕೆಟ್ಟಿತು. ಓಡೋ ಗಾಡಿಗೆ ಎದುರುಗಾಳಿ ಸಿಗ್ತದ; ಟ್ರಾಫಿಕ್‌ನಾಗ ಫ್ಯಾನೇ ಗತಿ. ಎಂಜಿನ್ ಕಾದು ನಿಂತಿತು. ಸಾಮಾನು ಬೆಂಗಳೂರಿಂದ ಬರಬೇಕಂತ, ಹತ್ತು ದಿನ! ತಮ್ಮ ಮೊದ್ಲು ನೋಡಿ ಬ್ಯಾಡಂದ ಆ ಸಾದಾ ಬಿಳಿ ಕಾರಿನ ಸಾಮಾನು ನಮ್ಮ ಪ್ಯಾಟ್ಯಾಗೇ ಸಿಗ್ತದ, ಓಣಿ ಮೆಕ್ಯಾನಿಕ್ಕೂ ರಿಪೇರಿ ಮಾಡ್ತಾನ. ತಗೊಳ್ಳೋಕ ಮೊದ್ಲು ಇದನ್ನ ವಿಚಾರಿಸಬಾರದೇನ್ರಿ?

ಬಿಪಿ ಇರೋ ಅವ್ವ ಆ ಸುಡು ಮಧ್ಯಾಹ್ನ ಜಾಲಿ ಗಿಡದ ಕೆಳಗ ಎರಡು ತಾಸು ಕುಂತಿದ್ಲು. ನನಗ ಇನ್ನೂ ಹೊಟ್ಟಿ ಉರೀತದ.