ಎಷ್ಟು ಕ್ರೆಡಿಟ್ ಹೊರಬಹುದು, ಮೇಡಂ?

ಜಾಸ್ತಿ ಓದ್ತೀನಿ ಅಂತ ಬಂದ ಮಕ್ಕಳಿಗೆ ಬೇಡ ಅನ್ನುವ ಮೇಡಂ ಯಾರಿಗೂ ಹಿಡಿಸಲ್ಲ. ಅಪ್ಪ ಅಮ್ಮಂದಿರಿಗಂತೂ ಮೊದಲೇ ಹಿಡಿಸಲ್ಲ. "ಕಾಲೇಜಿನವರೇ ಓದಬೇಡ ಅಂತಾರಲ್ರೀ, ಎಂಥಾ ಕಾಲ ಬಂತು" ಅಂತ ಒಬ್ಬರು ನನ್ನ ಎದುರಿಗೇ ಹೇಳಿದ್ದರು. ಹೇಳಲಿ. ಐದನೇ ಸೆಮಿಸ್ಟರ್ ಶುರುವಾಗುವ ಈ ಹೊತ್ತಿಗೆ ಇದನ್ನು ಸ್ವಲ್ಪ ಉದ್ದಕ್ಕೇ ಬರೆಯಬೇಕು ಅನ್ನಿಸಿತು.

ನಾನು ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಒಂದಷ್ಟು ಮಕ್ಕಳಿಗೆ ಪ್ರಾಕ್ಟರ್, ಅಂದರೆ ಅವರ ಓದಿನ ಮೇಲೆ ಕಣ್ಣಿಡುವ ಮಾರ್ಗದರ್ಶಿ ಕೂಡ. ಆನರ್ಸ್ (ತಮ್ಮ ವಿಷಯದಲ್ಲೇ ಹೆಚ್ಚಿನ ಓದು), ಮೈನರ್ (ಬೇರೆ ವಿಷಯದ ಓದು), ಇನ್ನೊಂದು ಡಿಗ್ರಿ, ಏನೇ ಜಾಸ್ತಿ ಹಚ್ಚಿಕೊಳ್ಳಬೇಕಿದ್ದರೂ ಸಹಿಗೆ ನನ್ನ ಹತ್ತಿರವೇ ಬರುತ್ತಾರೆ. ಸಹಿ ಹಾಕೋದು ಅರ್ಧ ನಿಮಿಷದ ಕೆಲಸ. ಅದಕ್ಕೆ ಮುಂಚೆ ನಡೆಯುವ ಮಾತೇ ದೊಡ್ಡದು.

ಆಸೆ ಹುಟ್ಟಿಸುವ ದಾರಿಗಳು ಈಗ ನಿಜಕ್ಕೂ ಬಹಳ ಇವೆ. ಬಿಇಗೆ ಒಟ್ಟು 160 ಕ್ರೆಡಿಟ್ (ಓದಿನ ಭಾರ ಅಳೆಯುವ ಲೆಕ್ಕ). ಅದರ ಮೇಲೆ 18ರಿಂದ 20 ಕ್ರೆಡಿಟ್ ಜಾಸ್ತಿ ಮಾಡಿದರೆ ಆನರ್ಸ್ ಅಥವಾ ಮೈನರ್ ಸಿಗುತ್ತೆ ಅಂತ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ದಾರಿ ಮಾಡಿಕೊಟ್ಟಿದೆ. ಆ ಕ್ರೆಡಿಟ್‌ಗಳನ್ನು ಎನ್‌ಪಿಟಿಇಎಲ್‌ನಲ್ಲಿ (ಐಐಟಿ ಮೇಷ್ಟ್ರುಗಳ ಆನ್‌ಲೈನ್ ಪಾಠಗಳು) ಮನೆಯಲ್ಲೇ ಕೂತು ಮಾಡಬಹುದು. 2020ರಲ್ಲಿ ಐಐಟಿ ಮದ್ರಾಸ್ ಡೇಟಾ ಸೈನ್ಸ್‌ನಲ್ಲಿ ಆನ್‌ಲೈನ್ ಡಿಗ್ರಿ ಶುರು ಮಾಡಿತು, ಅದಕ್ಕೆ ಜೆಇಇ ಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ), ಒಂದೇ ಸಲ ಎರಡು ಡಿಗ್ರಿ ಓದಬಹುದು ಅಂದಿತು. ಎರಡೂ ಕಾಲೇಜಿಗೆ ಹೋಗಿ ಓದುವಂಥವಾದರೆ ಕ್ಲಾಸಿನ ಸಮಯ ಒಂದರ ಮೇಲೊಂದು ಬರಬಾರದು, ಅಷ್ಟೇ. ಒಂದು ಕಾಲೇಜು, ಇನ್ನೊಂದು ಆನ್‌ಲೈನ್ ಆದರೆ ಆ ತಕರಾರೂ ಇಲ್ಲ.

ಇದೆಲ್ಲ ಒಳ್ಳೇದೇ. ಹಳ್ಳಿಯ ಹುಡುಗನೊಬ್ಬ ಐಐಟಿ ಮೇಷ್ಟ್ರ ಪಾಠ ಕೇಳಬಹುದು ಅಂದರೆ ಅದು ಸಣ್ಣ ಮಾತಲ್ಲ. ಆದರೆ ತೊಗೋಬಹುದು ಅನ್ನೋದು ನಮ್ಮ ಮನೆಗಳಿಗೆ ಬರುವಷ್ಟರಲ್ಲಿ ತೊಗೋಬೇಕು ಆಗಿಬಿಡುತ್ತೆ. ನೆಂಟರ ವಾಟ್ಸಾಪ್ ಗುಂಪಿನಲ್ಲಿ ಯಾರದೋ ಮಗ ಎರಡು ಡಿಗ್ರಿ ಮಾಡ್ತಿದ್ದಾನಂತೆ ಅಂತ ಬಂತು ಅಂದ್ಕೊಳ್ಳಿ. ಮಾರನೇ ದಿನವೇ ನನಗೆ ಫೋನು.

ಕಳೆದ ಸಲ ಬಂದ ಹುಡುಗನ ಪಟ್ಟಿ ಹೀಗಿತ್ತು. ರೆಗ್ಯುಲರ್ ಸೆಮಿಸ್ಟರ್. ಜೊತೆಗೆ ಆನರ್ಸ್. ಜೊತೆಗೆ ಐಐಟಿ ಮದ್ರಾಸ್‌ನ ಎರಡು ವಿಷಯ. ಇವೆಲ್ಲದರ ಹಿಂದೆ, ಮಾತಿನ ಕೊನೆಗೆ ಮೆಲ್ಲಗೆ, "ಮ್ಯಾಥ್ಸ್ ಒಂದು ಬ್ಯಾಕ್ ಇದೆ ಮೇಡಂ, ಅದು ಕ್ಲಿಯರ್ ಆಗುತ್ತೆ". ಬ್ಯಾಕ್, ಅಂದರೆ ಪಾಸಾಗದೆ ಉಳಿದ ವಿಷಯ, ಇರೋದನ್ನು ಯಾರೂ ಮೊದಲು ಹೇಳಲ್ಲ. ಅದನ್ನು ಭಾರ ಅಂತಲೂ ಲೆಕ್ಕ ಹಿಡಿಯಲ್ಲ. ನನ್ನ ಕಣ್ಣಿಗೆ ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಭಾರವಾದ್ದು ಅದೇ.

ನಾನು ಬೇಡ ಅನ್ನಲಿಲ್ಲ. ಒಂದು ಖಾಲಿ ಹಾಳೆ ಕೊಟ್ಟೆ. "ವಾರಕ್ಕೆ 168 ಗಂಟೆ. ಕೂತ್ಕೊಂಡು ಹಂಚಪ್ಪ" ಅಂದೆ.

ಕ್ರೆಡಿಟ್ ಅಂದರೆ ಗಂಟೆ. ಇದು ಮಕ್ಕಳಿಗೆ ಗೊತ್ತೇ ಇರಲ್ಲ, ಅವರಿಗದು ಮಾರ್ಕ್ಸ್ ಕಾರ್ಡಿನ ಒಂದು ಕಾಲಂ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ಒಂದು ಕ್ರೆಡಿಟ್‌ಗೆ 30 ಗಂಟೆ ಕಲಿಕೆ. ಕ್ಲಾಸು, ಲ್ಯಾಬು, ಮನೆಯಲ್ಲಿ ಓದೋದು, ಬರೆಯೋದು ಎಲ್ಲಾ ಸೇರಿ. ಸೆಮಿಸ್ಟರ್‌ಗೆ ಸರಾಸರಿ 20 ಕ್ರೆಡಿಟ್ ಅಂದರೆ 600 ಗಂಟೆ. 15 ವಾರಕ್ಕೆ ಹಂಚಿದರೆ ವಾರಕ್ಕೆ 40. ಆನರ್ಸ್‌ನ 18 ಕ್ರೆಡಿಟ್ ನಾಲ್ಕು ಸೆಮಿಸ್ಟರ್‌ಗೆ ಹಂಚಿಕೊಂಡರೂ ವಾರಕ್ಕೆ 9 ಗಂಟೆ. ಆ ಆನ್‌ಲೈನ್ ಡಿಗ್ರಿಯವರು ಒಂದು ವಿಷಯಕ್ಕೆ ವಾರಕ್ಕೆ 10 ಗಂಟೆ ಬೇಕು ಅಂತ ತಾವೇ ಹೇಳುತ್ತಾರೆ, ಎರಡಕ್ಕೆ 20. ಬ್ಯಾಕ್ ಆದ ಮ್ಯಾಥ್ಸ್‌ಗೆ ಕನಿಷ್ಠ 5. ಅಲ್ಲಿಗೆ 74 ಆಯ್ತು. ಹುಡುಗ ಗುಬ್ಬಿ ಆಚೆಯ ಹಳ್ಳಿಯವನು. ಬಸ್ಸಿಗೆ ಕಾಯೋದು, ಬರೋದು, ಹೋಗೋದು ಸೇರಿ ದಿನಕ್ಕೆ 3 ಗಂಟೆ, ಆರು ದಿನಕ್ಕೆ 18. ಏಳು ಗಂಟೆ ನಿದ್ದೆ ಹಿಡಿದರೆ ವಾರಕ್ಕೆ 49. ಒಟ್ಟು 141.

"27 ಗಂಟೆ ಮಿಕ್ಕಿದೆ ಮೇಡಂ!" ಅಂದ. ಮುಖದಲ್ಲಿ ಗೆದ್ದ ಖುಷಿ.

ಅಲ್ಲೇ ಇರೋದು ಮೋಸ. ಹಾಳೆ ಮೇಲೆ ಎಲ್ಲವೂ ಹಿಡಿಸುತ್ತೆ. ದಿನಕ್ಕೆ ನಾಲ್ಕು ಗಂಟೆಗೂ ಕಮ್ಮಿ ಮಿಕ್ಕಿರೋದರಲ್ಲಿ ಸ್ನಾನ, ಊಟ, ಬಟ್ಟೆ ಒಗೆಯೋದು, ತೋಟಕ್ಕೆ ನೀರು ಬಿಡೋದು, ಜ್ವರ, ಮದುವೆ, ಗೌರಿ ಹಬ್ಬ ಎಲ್ಲಾ ಮುಗಿಯಬೇಕು. ಹೆಣ್ಣುಮಕ್ಕಳ ಹಾಳೆಯಲ್ಲಿ ಆ 27 ಗಂಟೆ ಅವರದ್ದೇ ಆಗಿರಲ್ಲ. ಬೆಳಗಿನ ಅಡುಗೆಮನೆ ಕೆಲಸ, ತಮ್ಮನ ಹೋಮ್‌ವರ್ಕು ಅಂತ ಬರೆದು ಹೋಗಿರುತ್ತೆ. ಇನ್ನೂ ಒಂದು ವಿಷಯ: ಆ ಹುಡುಗ ಬಸ್ಸಿನ 18 ಗಂಟೆಯ ಪಕ್ಕದಲ್ಲೇ ಸಣ್ಣದಾಗಿ "ಎನ್‌ಪಿಟಿಇಎಲ್ ವಿಡಿಯೋ" ಅಂತ ಬರೆದುಕೊಂಡಿದ್ದ. ಬೆಳಿಗ್ಗೆ ಎಂಟರ ಬಸ್ಸಲ್ಲಿ ಒಂದು ಕಾಲ ಮೇಲೆ ನಿಂತು, ಇನ್ನೊಬ್ಬರ ಬ್ಯಾಗು ಮುಖಕ್ಕೆ ಒತ್ತುತ್ತಿರುವಾಗ ಪ್ರಾಬಬಿಲಿಟಿ ಪಾಠ ಕೇಳೋದು. ಕೇಳಬಹುದು. ತಲೆಗೆ ಹೋಗಬೇಕಲ್ಲ?

ಮತ್ತೆ, ವಾರಗಳೆಲ್ಲ ಒಂದೇ ತರ ಇರಲ್ಲ. ನನ್ನ ಮುಖ್ಯ ತಕರಾರು ಇದೇ. ಮೊದಲ ಮೂರು ವಾರ ಎಲ್ಲಾ ಸಲೀಸು. ಆಮೇಲೆ ಇಂಟರ್ನಲ್ಸ್ ಬರುತ್ತೆ. ಅದೇ ವಾರ ಲ್ಯಾಬ್ ರೆಕಾರ್ಡ್ ತಿದ್ದಿಸಬೇಕು. ಅದೇ ಭಾನುವಾರ ಆನ್‌ಲೈನ್ ಡಿಗ್ರಿಯ ಕ್ವಿಜ್ ಇರುತ್ತೆ. ಹೆಸರಿಗೆ ಆನ್‌ಲೈನ್, ಕ್ವಿಜ್ ಬರೆಯೋಕೆ ಮಾತ್ರ ಸೆಂಟರ್‌ಗೇ ಹೋಗಬೇಕು. ಜುಲೈನಲ್ಲಿ ಶುರುವಾಗುವ 12 ವಾರದ ಎನ್‌ಪಿಟಿಇಎಲ್ ಕೋರ್ಸಿನ ಪರೀಕ್ಷೆ ಅಕ್ಟೋಬರ್ ಕೊನೆ, ನವೆಂಬರ್ ಹೊತ್ತಿಗೆ ಬರುತ್ತೆ. ಆಗ ಇಲ್ಲಿ ಮಿನಿ ಪ್ರಾಜೆಕ್ಟ್ ತೋರಿಸುವ ಗಡಿಬಿಡಿ. ಆದ್ದರಿಂದ ಭಾರವನ್ನು ಸರಾಸರಿ ವಾರದಿಂದ ಅಳೆಯಬಾರದು. ಸೆಮಿಸ್ಟರ್‌ನ ಅತಿ ಕೆಟ್ಟ ಎರಡು ವಾರದಲ್ಲಿ ಏನಾಗುತ್ತೆ ಅಂತ ನೋಡಬೇಕು. ಕಾಲೇಜಿನ ಕ್ಯಾಲೆಂಡರ್, ಆ ಕೋರ್ಸಿನ ಕ್ಯಾಲೆಂಡರ್ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಪೆನ್ಸಿಲಿನಲ್ಲಿ ಗುರುತು ಹಾಕಿ. ಒಂದೇ ವಾರದಲ್ಲಿ ಮೂರು ಗುರುತು ಬಿದ್ದರೆ ಅಲ್ಲೇ ಉತ್ತರ ಸಿಕ್ಕಿತು.

ಆ ಕೆಟ್ಟ ವಾರದಲ್ಲಿ ಮಕ್ಕಳು ಮೊದಲು ಬಿಡೋದು ನಿದ್ದೆ. ಎರಡನೇದು ಕ್ಲಾಸು. ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ನಿಯಮದಲ್ಲಿ 85% ಅಟೆಂಡೆನ್ಸ್ ಬೇಕು. ಸರಿಯಾದ ಕಾರಣ ಇದ್ದರೆ ಇನ್ನೊಂದು 10% ಕಂಡೋನೇಷನ್ (ವಿನಾಯಿತಿ), ಅದರಾಚೆ ಪರೀಕ್ಷೆಗೆ ಕೂರೋ ಹಾಗೇ ಇಲ್ಲ. ಆನ್‌ಲೈನ್ ಅಸೈನ್‌ಮೆಂಟ್‌ಗೋಸ್ಕರ ರೆಗ್ಯುಲರ್ ಕ್ಲಾಸಿಗೆ ಚಕ್ಕರ್ ಹೊಡೆದು ಶಾರ್ಟೇಜ್ ಮಾಡಿಕೊಂಡವರನ್ನು ನೋಡಿದ್ದೇನೆ. ಇದ್ದ ಡಿಗ್ರಿಗೇ ಕುತ್ತು ತಂದುಕೊಂಡು ಇನ್ನೊಂದು ಡಿಗ್ರಿ!

ಮೂರನೇದಾಗಿ ಬಿಡೋದು ಇನ್ನೂ ಕೆಟ್ಟದ್ದು, ಅದು ಕಲಿಯೋದನ್ನೇ. ಎನ್‌ಪಿಟಿಇಎಲ್ ಅಸೈನ್‌ಮೆಂಟ್‌ಗೆ ಸಾಮಾನ್ಯವಾಗಿ ಬುಧವಾರ ರಾತ್ರಿ ಕಡೇ ಗಳಿಗೆ. ಅವತ್ತು ರಾತ್ರಿ ಹತ್ತರ ಮೇಲೆ ಹುಡುಗರ ಗುಂಪುಗಳಲ್ಲಿ "1-ಬಿ, 2-ಎ, 3-ಡಿ" ಅಂತ ಉತ್ತರಗಳು ಓಡಾಡುತ್ತವೆ. ಒತ್ತಿ ಕಳಿಸಿದರೆ ಮುಗೀತು. ಅಸೈನ್‌ಮೆಂಟ್‌ಗೆ 25, ಕೊನೆಯ ಪರೀಕ್ಷೆಗೆ 75. ಸರ್ಟಿಫಿಕೇಟ್‌ಗೆ ಅಸೈನ್‌ಮೆಂಟ್‌ನಲ್ಲಿ 25ಕ್ಕೆ 10 ಬೇಕು. ಪರೀಕ್ಷೆಯಲ್ಲಿ 75ಕ್ಕೆ 30 ತೆಗೆಯಬೇಕು ಅನ್ನೋದೂ ಇದೆ, ಅದನ್ನು ಹಿಂದಿನ ಪ್ರಶ್ನೆಗಳನ್ನು ಉರು ಹೊಡೆದು ದಾಟುತ್ತಾರೆ. ಸರ್ಟಿಫಿಕೇಟ್ ಬಂತು. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಅದೇ ಸರ್ಟಿಫಿಕೇಟ್ ಹಿಡಿದು "ಇದರಲ್ಲಿ ಏನು ಕಲಿತೆ, ಹೇಳು" ಅಂದಾಗ ಬಾಯಿ ಒಣಗುತ್ತೆ. ಅದಕ್ಕೂ ಮೊದಲು, ಬಹಳಷ್ಟು ಕಂಪನಿಗಳು ಪಟ್ಟಿ ಸೋಸುವಾಗ ಕೇಳೋದು ಎರಡೇ: ಸಿಜಿಪಿಎ ಎಷ್ಟು, ಆಕ್ಟಿವ್ ಬ್ಯಾಕ್‌ಲಾಗ್ ಇದೆಯಾ? ಒಂದು ಬ್ಯಾಕ್ ಇದ್ದರೆ ಆನರ್ಸ್ ನೋಡುವ ಮೇಜಿನವರೆಗೆ ಹೋಗೋದೇ ಕಷ್ಟ.

ಹಾಗಂತ ಎಲ್ಲರಿಗೂ ಬೇಡ ಅಂತೀನಾ? ಇಲ್ಲ. ಎಲೆಕ್ಟ್ರಾನಿಕ್ಸ್ (ಇಸಿ) ಓದುತ್ತಿದ್ದ ಹುಡುಗಿಯೊಬ್ಬಳು ಆನರ್ಸ್‌ಗೆ ಬಂದಾಗ ಎರಡು ಮಾತೂ ಆಡದೆ ಸಹಿ ಹಾಕಿದೆ. ಅವಳು ಹಾಸ್ಟೆಲ್‌ನಲ್ಲಿದ್ದಳು, ಕ್ಲಾಸಿಗೆ ಐದು ನಿಮಿಷ. ಒಂದೂ ಬ್ಯಾಕ್ ಇರಲಿಲ್ಲ. ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ಕಡೆಗೇ ಹೋಗೋದು ಅಂತ ಗಟ್ಟಿ ಮಾಡಿಕೊಂಡಿದ್ದಳು, ತೆಗೆದುಕೊಂಡ ಕೋರ್ಸುಗಳೆಲ್ಲ ಆ ಸುತ್ತಮುತ್ತಲಿನವೇ. ಒಂದು ಓದಿದ್ದು ಇನ್ನೊಂದಕ್ಕೆ ಆಗುತ್ತಿತ್ತು. "ಸರ್ಟಿಫಿಕೇಟ್ ಕೊಡದಿದ್ರೂ ಓದ್ತೀಯಾ?" ಅಂತ ಕೇಳಿದ್ದಕ್ಕೆ, "ಆಗ್ಲೇ ಅರ್ಧ ನೋಡಿಬಿಟ್ಟಿದ್ದೀನಿ ಮ್ಯಾಮ್" ಅಂದಳು. ಇವಳಿಗೂ ಆ ಹುಡುಗನಿಗೂ ಬುದ್ಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ವಾರಕ್ಕೆ 18 ಗಂಟೆ ಬಸ್ಸು ಮತ್ತು ಒಂದು ಬ್ಯಾಕ್. ಜಾಣರಾದರೆ ಎಷ್ಟು ಬೇಕಾದರೂ ಹೊರುತ್ತಾರೆ ಅನ್ನೋದು ಸುಮ್ನೆ ಮಾತು. ಎತ್ತಿಗೆ ಶಕ್ತಿ ಇದ್ದರೂ ಗಾಡಿಯ ಅಚ್ಚು ತಡೆಯಬೇಕಲ್ವಾ.

ಬಿಕಾಂ ಮಾಡುತ್ತಾ ಸಿಎ ಓದುವ ಮಕ್ಕಳನ್ನು ನೋಡಿ, ಅವರು ಮಾಡ್ತಾರಲ್ಲ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಅಕೌಂಟ್ಸ್, ತೆರಿಗೆ, ಕಂಪನಿ ಕಾನೂನು ಎರಡು ಕಡೆಯೂ ಬರುತ್ತೆ. ಬೆಳಗಿನ ಹೊತ್ತೇ ಕ್ಲಾಸ್ ಮುಗಿಸುವ ಕಾಲೇಜುಗಳಿವೆ. ಅಷ್ಟಿದ್ದೂ ಸಿಎ ತರಬೇತಿಯಾದ ಆರ್ಟಿಕಲ್‌ಶಿಪ್‌ನಲ್ಲಿರುವಾಗ ಬೇರೆ ಕೋರ್ಸ್ ಓದಬೇಕಾದರೆ ಸಿಎ ಸಂಸ್ಥೆ ಐಸಿಎಐನ ಅನುಮತಿ ಬೇಕು. ಎಂಜಿನಿಯರಿಂಗ್ ಲ್ಯಾಬಿನ ಮಧ್ಯಾಹ್ನಗಳಿಗೆ ಆ ಹೋಲಿಕೆ ಕೂರಲ್ಲ.

ಅಮೆರಿಕಕ್ಕೆ ಎಂಎಸ್ ಮಾಡೋಕೆ ಹೋದ ನಮ್ಮ ಮಕ್ಕಳ ಲೆಕ್ಕ ಇನ್ನೊಂದು ತರ. ಸೆಮಿಸ್ಟರ್‌ಗೆ 9 ಕ್ರೆಡಿಟ್, ಅಂದರೆ ಮೂರು ವಿಷಯ, ಅಲ್ಲಿ ಸಾಮಾನ್ಯ. ಬೇಗ ಮುಗಿದರೆ ಬಾಡಿಗೆ ಉಳಿಯುತ್ತೆ ಅಂತ ನಾಲ್ಕು ಹಾಕಿಕೊಂಡು, ಕ್ಯಾಂಪಸ್ಸಲ್ಲಿ ವಾರಕ್ಕೆ 20 ಗಂಟೆ ಕೆಲಸವನ್ನೂ ಮಾಡುವವರಿದ್ದಾರೆ. ಸಾಲದ ಬಡ್ಡಿ ಕಣ್ಣೆದುರು ಇರುವವರಿಗೆ ಇಲ್ಲಿ ಕೂತು ಬುದ್ಧಿ ಹೇಳೋದು ನನಗೆ ಸರಿ ಅನ್ನಿಸಲ್ಲ. ಅವರ ಕಷ್ಟ ಅವರಿಗೇ ಗೊತ್ತು.

ಇನ್ನು ಯಾರೂ ಮಾತಾಡದ ಒಂದು ವಿಷಯ ಇದೆ. 2024ರ ಕೊನೆಯಲ್ಲಿ ಯುಜಿಸಿ ಡಿಗ್ರಿಯನ್ನು ಬೇಗ ಮುಗಿಸುವ ಅವಕಾಶದ ಬಗ್ಗೆ ಹೇಳಿತು. ಜಾಸ್ತಿ ಕ್ರೆಡಿಟ್ ತೊಗೊಂಡು ಮೂರು ವರ್ಷದ್ದನ್ನು ಐದು ಸೆಮಿಸ್ಟರ್‌ನಲ್ಲೇ ಮುಗಿಸಬಹುದು ಅಂತ. ಪೇಪರ್, ಟಿವಿ ಎಲ್ಲಾ ಕಡೆ ಅದೇ ದೊಡ್ಡ ಸುದ್ದಿ. ಅದೇ ನಿಯಮದಲ್ಲಿ ನಿಧಾನಕ್ಕೆ ಓದುವ ಅವಕಾಶವೂ ಇತ್ತು. ಸೆಮಿಸ್ಟರ್‌ಗೆ ಕಮ್ಮಿ ಕ್ರೆಡಿಟ್ ತೊಗೊಂಡು, ಎರಡು ಸೆಮಿಸ್ಟರ್‌ವರೆಗೆ ಜಾಸ್ತಿ ಸಮಯದಲ್ಲಿ ಮುಗಿಸಬಹುದು. ಆದರೂ ಡಿಗ್ರಿ ಡಿಗ್ರಿಯೇ. ಅದನ್ನು ಕೇಳಿಕೊಂಡು ಬಂದ ಒಬ್ಬ ತಂದೆಯನ್ನೂ ನಾನು ನೋಡಿಲ್ಲ. ಅಮ್ಮನಿಗೆ ಹುಷಾರಿಲ್ಲದ ಮನೆ ಇರುತ್ತೆ, ಸಂಜೆ ಅಂಗಡಿಯಲ್ಲಿ ದುಡಿದು ಫೀಸು ಕಟ್ಟುವ ಹುಡುಗ ಇರುತ್ತಾನೆ. ಅಂಥವರಿಗೆ ಬೇಕಾದದ್ದು ಇದೇ. ಬೇಗ ಓದಿದವರ ಸುದ್ದಿ ಮಾತ್ರ ನೆಂಟರ ಗುಂಪಿಗೆ ಬರುತ್ತೆ, ನಿಧಾನಕ್ಕೆ ಓದೋದು ನಮ್ಮಲ್ಲಿ ಇನ್ನೂ ಫೇಲ್ ಆದ ಹಾಗೆಯೇ. ಬೇಗ ಮುಗಿಸುವ ದಾರಿಗೂ ಯುಜಿಸಿ ಸುಮ್ನೆ ಬಾಗಿಲು ತೆಗೆದಿಲ್ಲ. ಮೊದಲ ಅಥವಾ ಎರಡನೇ ಸೆಮಿಸ್ಟರ್ ಮುಗಿದ ಮೇಲೆ ಕಾಲೇಜಿನ ಸಮಿತಿ ಆ ವಿದ್ಯಾರ್ಥಿಯ ಶಕ್ತಿ ನೋಡಿ ಒಪ್ಪಬೇಕು. ನಮ್ಮ ಮನೆಗಳಲ್ಲಿ ಆ ಸಮಿತಿಯ ಕೆಲಸವನ್ನು ಚಿಕ್ಕಪ್ಪಂದಿರು ಮಾಡಿ ಮುಗಿಸಿರುತ್ತಾರೆ.

ಆ ಹುಡುಗನ ತಂದೆ ಬಂದಿದ್ದರು. ತುಂಬಾ ಮರ್ಯಾದಸ್ಥ ಮನುಷ್ಯ. "ನಮಗೇನೂ ಗೊತ್ತಾಗಲ್ಲ ಮೇಡಂ, ನೀವು ಹೇಳ್ದಂಗೆ" ಅಂದರು. ಎದುರಿಗೆ ಹಾಗಂದರೂ ಕಣ್ಣಲ್ಲಿ ಐಐಟಿ ಅನ್ನೋ ಹೆಸರು ಕೈತಪ್ಪುತ್ತಲ್ಲಾ ಅನ್ನೋ ಸಂಕಟ ಕಾಣುತ್ತಿತ್ತು. ಆ ಸಂಕಟ ನನಗೆ ಅರ್ಥ ಆಗುತ್ತೆ. ಅವರಿಗೆ ಇಷ್ಟೇ ಹೇಳಿದೆ: "ಈ ಸೆಮಿಸ್ಟರ್ ಮ್ಯಾಥ್ಸ್ ಕ್ಲಿಯರ್ ಆಗ್ಲಿ ಸಾರ್. ಆನ್‌ಲೈನ್ ಡಿಗ್ರಿ ಎಲ್ಲೂ ಓಡಿಹೋಗಲ್ಲ. ಬಿಇ ಮುಗಿದ ಮೇಲೂ ಸೇರಬಹುದು. ಈಗ ಮ್ಯಾಥ್ಸ್ ಜೊತೆ ಒಂದು ಎನ್‌ಪಿಟಿಇಎಲ್ ಕೋರ್ಸ್ ಮಾಡ್ಲಿ, ಒಂದೇ." ಹುಡುಗ ಮುಖ ಸಪ್ಪಗೆ ಮಾಡಿಕೊಂಡ. ನನ್ನ ಮೇಲೆ ಕೋಪ ಇರಬಹುದು, ಇರಲಿ.

ಆ ಒಂದೇ ಕೋರ್ಸನ್ನೂ ಕಣ್ಣು ಮುಚ್ಚಿಕೊಂಡು ತೊಗೋಬೇಕಿಲ್ಲ. ಎನ್‌ಪಿಟಿಇಎಲ್‌ಗೆ ಸೇರೋದು ಉಚಿತ. 1000 ರೂಪಾಯಿ ಕಟ್ಟಬೇಕಾದ್ದು ಪರೀಕ್ಷೆಗೆ ಮಾತ್ರ, ಅದರ ನೋಂದಣಿಗೆ ಬೇರೆಯೇ ಕಡೇ ದಿನಾಂಕ ಇರುತ್ತೆ. ಮೊದಲ ಕೆಲವು ವಾರದ ಪಾಠ ನೋಡಿ. ಅಸೈನ್‌ಮೆಂಟ್ ಉತ್ತರಗಳನ್ನು ಗುಂಪಿನಿಂದ ಎತ್ತದೆ ನೀವೇ ಬರೆಯಿರಿ. ಆ ವಾರಗಳಲ್ಲಿ ರೆಗ್ಯುಲರ್ ವಿಷಯದ ಯಾವ ಕ್ಲಾಸು ತಪ್ಪಿತು, ಎಷ್ಟು ರಾತ್ರಿ ಒಂದು ಗಂಟೆ ದಾಟಿತು ಅಂತ ಒಂದು ಕಡೆ ಗುರುತು ಹಾಕಿಕೊಳ್ಳಿ. ಆಮೇಲೆ ದುಡ್ಡು ಕಟ್ಟೋದೋ ಬಿಡೋದೋ ನೋಡಿ. ನನ್ನ ಹತ್ತಿರ ಬರುವ ಐದನೇ ಸೆಮಿಸ್ಟರ್‌ನವರು ಫಾರ್ಮ್ ಜೊತೆ ಆ ಗುರುತಿನ ಹಾಳೆಯನ್ನೂ ತನ್ನಿ, ಮಧ್ಯಾಹ್ನ ಮೂರರ ಮೇಲೆ ಸ್ಟಾಫ್ ರೂಮಿನಲ್ಲೇ ಇರುತ್ತೇನೆ.